ಪೆಟ್ರೀನಾಳ ಎಡಗಣ್ಣು

ಬೆಳಗ್ಗೆ ತೀರಿಕೊಂಡ ತಾಯಿ ಪೆಟ್ರೀನಾಳ ಮುಖವನ್ನು ಗುನ್ವೊರ್ ಒದ್ದೆಬಟ್ಟೆಯಿಂದ ಒರೆಸುತ್ತಿದ್ದಾಗ ಸೋದರಮಾವ ಹಿಲ್ಮಾರ್ ಒಳಗೆ ಬಂದ. ಊರಿನ ಪ್ರಾರ್ಥನಾಮಂದಿರದಲ್ಲಿ ಬೋಧಿಸುವವನು ಅವನೇ. ಬೂಟಿನ ಹಿಮ ಕೊಡವಿ ಅಕ್ಕನನ್ನು ನೋಡಿದ.

"ಅಂತೂ ಸುಮ್ಮನಾಯ್ತು ಆ ಕಣ್ಣು," ಎಂದ. "ಕೊನೆಗಾದ್ರೂ ಕ್ಷಮೆ ಕೇಳಿದ್ಲಾ?"

"ಯಾತಕ್ಕೆ ಮಾವ?"

"ಯಾತಕ್ಕೆ ಅಂತ ಊರಿಗೇ ಗೊತ್ತು. ಕೇಳದೆ ಹೋದೋಳ ಶವಪೆಟ್ಟಿಗೆಗೆ ನಮ್ಮೋರು ಕೈ ಹಾಕಲ್ಲ. ಯೋಚ್ನೆ ಮಾಡು."

*

ನಲವತ್ತು ದಾಟಿದ ಮೇಲೆ ಪೆಟ್ರೀನಾಳ ಎಡಗಣ್ಣು ತಾನಾಗಿ ಮಿಟುಕತೊಡಗಿತ್ತು. ಬರಬರುತ್ತ ತುಟಿಯ ಕೊನೆಯೂ ಅದರೊಡನೆ ಮೇಲೇಳುತ್ತಿತ್ತು. ಉಪದೇಶದ ನಡುವೆ ಗಂಡಸರ ಸಾಲಿಗೆ ಕಣ್ಣು ಹೊಡೆಯುತ್ತಾಳೆಂದು ಹೆಂಗಸರು ದೂರಿದರು. ತಪ್ಪು ಮಾಡಿದವರು ಸಭೆಯೆದುರು ಕ್ಷಮೆ ಕೇಳುವುದು, ಉಳಿದವರು ಅಪ್ಪಿಕೊಂಡು ಕ್ಷಮಿಸುವುದು ಅಲ್ಲಿಯ ಪದ್ಧತಿ. ಪೆಟ್ರೀನಾಳೂ ಕೇಳಬೇಕೆಂದರು. ಅವಳು ಮೊದಲು ಟ್ರೊಮ್ಸೋ ಪಟ್ಟಣಕ್ಕೆ ಹೋಗಿ ವೈದ್ಯೆಯನ್ನು ಕಂಡಳು.

ವೈದ್ಯೆ ಹುಬ್ಬಿನ ಮೇಲಿನ ನರಕ್ಕೆ ಸಣ್ಣಗೆ ವಿದ್ಯುತ್ತು ಮುಟ್ಟಿಸಿದಳು. "ಬೇರೆಯವರಿಗೆ ಇದರಿಂದ ಕಣ್ಣಷ್ಟೇ ಮುಚ್ಚುತ್ತೆ. ನಿಮಗೆ ತುಟಿಯೂ ಎಳೀತಿದೆ. ನರ ಕೆರಳಿದೆ, ಒಂದು ಕವಲಿಂದ ಇನ್ನೊಂದಕ್ಕೆ ಹಾರ್ತಿದೆ. ನೀವು ತಡೀತೀನಿ ಅಂದ್ರೂ ಆಗಲ್ಲ."

"ಹಾಗಾದ್ರೆ ಪಾಪ ಅಲ್ಲ?"

"ಅದನ್ನ ನನ್ನ ಯಂತ್ರ ಅಳೆಯಲ್ಲ, ಪೆಟ್ರೀನಾ."

ಅವಳಿಗೆ ಅಷ್ಟೇ ಸಾಕಾಯಿತು. ಮಾಡದ ಪಾಪಕ್ಕೆ ಕ್ಷಮೆ ಕೇಳಿದರೆ ದೇವರೆದುರು ಸುಳ್ಳಾಡಿದಂತೆ ಎಂದಳು. ಅಂದಿನಿಂದ ಸಾಯುವವರೆಗೂ ಭಾನುವಾರಗಳಂದು ಅಡುಗೆಮನೆಯಲ್ಲಿ ಒಬ್ಬಳೇ ಕೂತು ಕೀರ್ತನೆ ಹಾಡಿದಳು. ತಮ್ಮನೂ ಅವಳ ಹೊಸ್ತಿಲು ತುಳಿಯಲಿಲ್ಲ.

*

ಮಣ್ಣಿನ ದಿನ ಪೆಟ್ಟಿಗೆ ಚರ್ಚಿನ ಬಾಗಿಲಲ್ಲಿತ್ತು. ಗುಡ್ಡದ ಮೇಲಿನ ಗುಂಡಿಯವರೆಗೂ ಮಂಡಿಯುದ್ದ ಹಿಮ. ಹೊರಬೇಕಾದ ಗಂಡಸರು ಜೇಬಿನಲ್ಲಿ ಕೈಯಿಟ್ಟು ನಿಂತಿದ್ದರು.

"ಕಣ್ಣು ಹೊಡೆದು ಕರೀಲಿ, ಬರ್ತೀನಿ," ಎಂದು ಒಬ್ಬ ಗೊಣಗಿದ. ಪಕ್ಕದವನು ಕೆಮ್ಮಿನಲ್ಲಿ ನಗು ಮುಚ್ಚಿಕೊಂಡ.

ಗುನ್ವೊರ್ ಪೆಟ್ಟಿಗೆಯ ಹಿಡಿಯನ್ನು ತಾನೊಬ್ಬಳೇ ಎಳೆದಳು. ಅದು ಅಲುಗಲಿಲ್ಲ.

"ಒಂದೇ ಮಾತು, ಮಗಳೇ," ಎಂದ ಹಿಲ್ಮಾರ್. "ಕೇಳಿದ್ಲು ತಾನೆ?"

ಅವಳು ಇನ್ನೊಮ್ಮೆ ಎಳೆದು ನೋಡಿ, ಹಿಡಿಯನ್ನು ಬಿಟ್ಟಳು.

"ಕೇಳಿದ್ಲು."

ಹಿಲ್ಮಾರನ ಕಣ್ಣು ತುಂಬಿ ಬಂತು. ಅವಳ ಕೊರಳು ತಬ್ಬಿ, "ಕ್ಷಮಿಸಿದೀವಿ, ಎಲ್ಲಾನೂ ಕ್ಷಮಿಸಿದೀವಿ," ಎಂದ. ದೂರಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ತಬ್ಬಿದರು. ಗಂಡಸರು ಕೈಗವಸು ಏರಿಸಿದರು. ಪೆಟ್ಟಿಗೆ ಹಗುರಾಗಿ ಎದ್ದು, ಹಾಡಿನೊಡನೆ ಗುಡ್ಡ ಹತ್ತಿತು.

ಗುನ್ವೊರ್ ಹಿಂದೆ ನಡೆಯುತ್ತ ಮನಸ್ಸಿನಲ್ಲೇ ಬೇಡಿಕೊಂಡಳು: ಕರ್ತನೇ, ಸುಳ್ಳಾಡಿದವಳು ನಾನು, ಅವಳಲ್ಲ. ಅವಳಿಗೆ ಶಾಂತಿ ಕೊಡು. ಇವರು ಕ್ಷಮಿಸಿದ್ದನ್ನು ಅವಳಿಗೆ ತಿಳಿಸಬೇಡ.