ಬಾಡಿಗೆಯ ಕೊರಳು

ತುಟಿಯಾಡಿಸುವುದರಲ್ಲಿ ಹೆಟ್ಟಿಯನ್ನು ಮೀರಿಸುವವರಿರಲಿಲ್ಲ. ಅವಳು ದುಡಿದಿದ್ದ, ಉತ್ತರ ಇಂಗ್ಲೆಂಡಿನ ಓಲ್ಡಮ್ಮಿನ ಹತ್ತಿ ಗಿರಣಿಯಲ್ಲಿ ಮಗ್ಗಗಳ ಗದ್ದಲಕ್ಕೆ ಕಿವಿ ಕೆಲಸಕ್ಕೆ ಬರುವುದಿಲ್ಲ; ಹೆಂಗಸರು ತುಟಿಯಲ್ಲೇ ಮೇಸ್ತ್ರಿಯನ್ನು ಬಯ್ಯುತ್ತಾರೆ, ತುಟಿಯಲ್ಲೇ ಬಸಿರಿನ ಸುದ್ದಿ ಹೇಳುತ್ತಾರೆ. ಆ ತುಟಿಗಳೇ ಅವಳನ್ನು ಲಂಡನ್ನಿನ ಮೂಕಿ ಚಿತ್ರಗಳ ತಾರೆ ಮಾಡಿದ್ದವು. ಈಗ ಚಿತ್ರಗಳಿಗೆ ಮಾತು ಬಂದಿತ್ತು. ಅವಳ ಗಿರಣಿ ಸೀಮೆಯ ಮಾತು ಮಾತ್ರ ಯಾರಿಗೂ ಬೇಡವಾಗಿತ್ತು.

"ನಿನ್ನ ದನಿ ಕೇಳಿದ್ರೆ ಜನ ಮೀನು ಕೊಳ್ಳೋಕೆ ಚೀಲ ಹಿಡ್ಕೊಂಡು ನಿಲ್ತಾರೆ," ಎಂದಿದ್ದ ಗಂಡ ಸೆಡ್ರಿಕ್. ನಾಟಕದವನು, ಊಟಕ್ಕೆ ಉಪ್ಪು ಕೇಳಿದರೂ ಬೀದಿಗೆ ಕೇಳಿಸಬೇಕು. ಚಿತ್ರದಲ್ಲೂ ಅವನೇ ಗಂಡ. ಹೆಟ್ಟಿಗೆ ಕೊರಳು ಕೊಡಲು ಪಾದ್ರಿಯ ಮಗಳು ಲವೀನಿಯಾಳನ್ನು ಅವನೇ ಗೊತ್ತುಮಾಡಿದ್ದ. ಪರದೆಯ ಹಿಂದಿನ ಮೈಕಿನಲ್ಲಿ ಆಕೆ ಮಾತಾಡುವುದು, ಮುಂದೆ ಹೆಟ್ಟಿ ಬಾಯಾಡಿಸುವುದು. ಸಂಸಾರದಲ್ಲಿ ಇನ್ನೊಬ್ಬಳನ್ನು ತರುವ ಗಂಡಸರುಂಟು, ಬರೀ ಗಂಟಲಿಗಾಗಿ ತಂದವನು ಇವನೊಬ್ಬನೇ ಇರಬೇಕು ಎಂದುಕೊಂಡಳು ಹೆಟ್ಟಿ.

ಅಂದು ಬೆಳಗಿನ ತಿಂಡಿಯ ದೃಶ್ಯ. ಯಂತ್ರದ ಸದ್ದು ಹೊರಬಾರದೆಂದು ಕ್ಯಾಮೆರಾದವನನ್ನು ಕ್ಯಾಮೆರಾ ಸಮೇತ ಗಾಜಿನ ಕಿಟಕಿಯ ಪೆಟ್ಟಿಗೆಯೊಳಗೆ ಹಾಕಿ ಬಾಗಿಲು ಮುಚ್ಚಿದರು. ಮೂಕಿಯ ಕಾಲದಲ್ಲಿ "ಅಳಮ್ಮಾ, ಇನ್ನೂ ಅಳು" ಎಂದು ಕೂಗಿ ಕೂಗಿ ಚಿತ್ರ ತೆಗೆಯುತ್ತಿದ್ದ ನಿರ್ದೇಶಕ ಪಾಗೆಟ್ ಈಗ ಕೆಮ್ಮಲಿಕ್ಕೂ ಹೆದರಿ ಕೂತ.

"ಪ್ರಿಯೆ, ನೀನು ನನಗೆ ಎಂದಾದರೂ ಎದುರಾಡಿದ್ದುಂಟೆ?" ಎಂದ ಸೆಡ್ರಿಕ್.

"ಇಲ್ಲ, ನನ್ನೊಡೆಯ. ಇನ್ನಷ್ಟು ಚಹಾ ಬಗ್ಗಿಸಲೆ?" ಎಂದಿತು ಪರದೆ.

ಆ 'ಇಲ್ಲ'ಕ್ಕೆ ತುಟಿ ತೆರೆದ ಹೆಟ್ಟಿಗೆ ತನ್ನ ಬಾಯೊಳಗೆ ಯಾರೋ ಚಪ್ಪಲಿ ಹಾಕಿಕೊಂಡು ಓಡಾಡಿದಂತಾಯಿತು. ಯೋಚಿಸಿ ಮಾಡಿದ್ದಲ್ಲ, ತನ್ನ ದನಿಯಲ್ಲೇ ಅಂದುಬಿಟ್ಟಳು.

"ಚಾ ಬೇಕಂದ್ರ ಎದ್ದು ಬಗ್ಗಿಸ್ಕೋ. ಕೈಗೇನ್ ಲಕ್ವಾ ಹೊಡದೈತೇನ್? ಎದುರಾಡಾಕ ನೀ ಒಂದ್ ಗಳಿಗಿ ಬಾಯಿ ಮುಚ್ಚಿದ್ರ ತಾನ."

ಸೆಡ್ರಿಕ್‌ನ ಮುಳ್ಳುಚಮಚದಿಂದ ಹಂದಿಮಾಂಸ ಜಾರಿತು. ಸಂಬಳಕ್ಕೆ ನಿಯತ್ತಾಗಿದ್ದ ಲವೀನಿಯಾ ಮುಂದಿನ ಮಾತು ಒಪ್ಪಿಸಿದಳು: "ಸಕ್ಕರೆ ಎಷ್ಟು, ನನ್ನೊಡೆಯ?"

"ಅಕಿಗಿ ಹೇಳು," ಎಂದಳು ಹೆಟ್ಟಿ ಪರದೆಯತ್ತ ಬೆರಳು ತೋರಿಸಿ. "ಅಕಿನ ಹಾಕ್ತಾಳ."

ದೀಪದ ಆಳುಗಳು ಟೋಪಿ ಕಚ್ಚಿಕೊಂಡು ನಕ್ಕರು. ಬಾಯಿ ಬಿಟ್ಟರೆ ತನ್ನ ದನಿಯೂ ಅಚ್ಚಾದೀತೆಂಬ ಹೆದರಿಕೆಯಲ್ಲಿ ಪಾಗೆಟ್‌ಗೆ "ನಿಲ್ಲಿಸಿ" ಎನ್ನುವುದೇ ಮರೆತುಹೋಯಿತು. ಪೆಟ್ಟಿಗೆಯೊಳಗಿನವನಿಗೆ ಏನೂ ಕೇಳಿಸದೆ, ರೀಲು ಮುಗಿಯುವವರೆಗೂ ತಿರುಗಿತು. ಆಮೇಲೆ ಬೆವರಿಳಿಸುತ್ತ ಹೊರಬಂದು ಅವನೆಂದ: "ಸೆಡ್ರಿಕ್ ಅವರ ಮುಖ ಇವತ್ತು ಎಷ್ಟು ಚೆನ್ನಾಗಿ ಬಂತು ಗೊತ್ತಾ?"

ಹೆಟ್ಟಿ ಪಾಗೆಟ್‌ನ ಮುಖ ನೋಡಿದಳು. ಇವರು ಹೊರದಬ್ಬಿದರೆ ಗಿರಣಿಯೇ ಗತಿ.

ಪಾಗೆಟ್ ನಕ್ಕು ನಕ್ಕು ನೀರಾಡಿದ ಕಣ್ಣೊರೆಸಿಕೊಂಡು ಕೇಳಿದ: "ಚಿತ್ರ ಪೂರ್ತಿ ಇದೇ ದನಿಯಲ್ಲಿ ಮಾಡೋಕಾಗತ್ತಾ?"

"ನನ್ನ ಹತ್ರ ಬ್ಯಾರೆ ದನಿ ಎಲ್ಲೈತ್ರೀ?"

"ಮತ್ತೆ ನಾನೇನು ಮಾತಾಡ್ಲಿ?" ಎಂದ ಸೆಡ್ರಿಕ್.

"ನೀವು ಆಗ ಕೂತಿದ್ರಲ್ಲ, ಹಾಗೇ ಕೂತ್ಕೊಳ್ಳಿ," ಎಂದ ಪಾಗೆಟ್.

ಸೆಡ್ರಿಕ್ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದ. "ಮನೇಲಿ ಒಂದು ದಿನಾನೂ ಹೀಗೆ ಮಾತಾಡಿರ್ಲಿಲ್ವಲ್ಲೇ ನೀನು."

"ದಿನಾ ಆಡೀನಿ," ಎಂದಳು ಹೆಟ್ಟಿ. "ನೀ ಕನ್ನಡಿ ಮುಂದ ನಿನ್ನ ಮಾತ ನೀ ಕೇಳ್ಕೋತ ಇರ್ತಿದ್ದಿ."