ಚಪ್ಪಟೆ ಮೂಗು

ಗಂಡನ ಮುಖಕ್ಕೆ ಯಾರೋ ಬಳಿದಿದ್ದ ಪೌಡರನ್ನು ಅವಳು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಮೈದುನ ತಡೆಯಲು ಬಂದ.

"ಜನ ನೋಡೋಕೆ ಬರ್ತಾರೆ ಅತ್ತಿಗೆ, ಇರ್ಲಿ ಬಿಡಿ."

"ಅವರ ಬಣ್ಣ ಅವರಿಗಿರ್ಲಿ," ಎಂದಳು.

ಸತ್ತವನು ಜೀವಮಾನವಿಡೀ ವಸ್ತುಸಂಗ್ರಹಾಲಯಕ್ಕೆ ಗೊಂಬೆ ಮಾಡಿದವನು. ಎಲ್ಲರ ಬಾಯಲ್ಲೂ ಗೊಂಬೆ ಮೇಷ್ಟ್ರು. ನೆಲ ಅಗೆದಾಗ ಸಿಕ್ಕ ಪುರಾತನ ಊರಿನವರನ್ನು ಮೂಳೆ ತಜ್ಞರು ಹೇಳಿದಂತೆಯೇ ಮಾಡಿ ಗಾಜಿನ ಹಿಂದೆ ಕೂರಿಸಿದ್ದ. ಒಲೆಯ ಪಕ್ಕದ ಹುಡುಗಿಗೆ ಮಾತ್ರ ಕದ್ದುಮುಚ್ಚಿ ತಮ್ಮಿಬ್ಬರ ಮಗಳ ಮುಖ ಕೊಟ್ಟಿದ್ದ. ಜ್ವರದಲ್ಲಿ ಹೋದ ಮಗು. ಒಂದು ಫೋಟೋ ಕೂಡ ಇರಲಿಲ್ಲ. ತಾಯಿ ವಾರವಾರವೂ ಎಲ್ಲರಂತೆ ಟಿಕೆಟ್ ತೆಗೆದುಕೊಂಡು ಹೋಗಿ ಮಗಳನ್ನು ನೋಡಿ ಬರುತ್ತಿದ್ದಳು.

*

ಆಮೇಲೆ ಬಂದ ಸರ್ಕಾರ ಸಾವಿರಾರು ವರ್ಷ ಹಿಂದಿನವರ ವಿಷಯಕ್ಕೂ ಮೂಗು ತೂರಿಸಿತು. ನಮ್ಮ ಹಿರೀಕರು ಇಷ್ಟು ಕಪ್ಪಗೆ, ಚಪ್ಪಟೆ ಮೂಗಿನವರಾಗಿರಲು ಸಾಧ್ಯವೇ ಇಲ್ಲ, ಜನರ ಭಾವನೆಗೆ ಧಕ್ಕೆಯಾಗುತ್ತದೆ ಎಂದು ಮೇಲಿನಿಂದ ಮಾತು ಬಂತು. ಮೂಳೆ ತಜ್ಞರು ತುಟಿ ಪಿಟಕ್ಕೆನ್ನಲಿಲ್ಲ.

ಅಂದು ಗಂಡ ಮನೆಗೆ ಬಂದವನು ಕೈ ತೊಳೆಯದೆ ಕೂತ.

"ಎಲ್ಲರದ್ದೂ ತಿದ್ದಿದೆ. ಅವಳದ್ದೂ."

"ಅವಳ ಮುಖದ ಅಚ್ಚು?"

"ಅಚ್ಚು ಇದೆ. ಜೋಪಾನವಾಗಿ ಎತ್ತಿಟ್ಟಿದೀನಿ."

ಅವಳು ಮತ್ತೆಂದೂ ಆ ಕಡೆ ತಲೆ ಹಾಕಲಿಲ್ಲ. ಆ ಅಚ್ಚನ್ನು ನೆಚ್ಚಿಕೊಂಡೇ ದಿನ ದೂಡಿದಳು.

*

ವಸ್ತುಸಂಗ್ರಹಾಲಯದ ಅಧಿಕಾರಿ ಶವಕ್ಕೆ ಹಾಕಲು ಹಾರ ಹಿಡಿದು ಬಂದರು. ನಮ್ಮ ಪೂರ್ವಜರಿಗೆ ಮುಖ ಕೊಟ್ಟ ಮಹಾನುಭಾವ ಎಂದು ಹೊಗಳಿದರು. ಅವಳು ಅಚ್ಚು ಕೊಡಿಸಿ ಎಂದಳು. ಯಾವ ಅಚ್ಚೆಂದು ಅವರಿಗೆ ತಿಳಿಯಲಿಲ್ಲ. ಹಿಂದೆ ನಿಂತಿದ್ದ ಮುದುಕ, ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದವನು, ತಲೆ ತಗ್ಗಿಸಿದ.

"ಅಚ್ಚಿಲ್ಲಮ್ಮ. ಅವತ್ತೇ ಒಡೆಸಿಬಿಟ್ರು, ಮೇಷ್ಟ್ರ ಕೈಯಲ್ಲೇ. ನಿಮಗೆ ಹೇಳ್ಬೇಡ ಅಂತ ಮೇಷ್ಟ್ರೇ ಅಂದಿದ್ರು."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಎನ್ನುತ್ತಾರೆ. ಇಲ್ಲಿ ಕೋಪವೂ ಇರಲಿಲ್ಲ, ಬರೀ ಆದೇಶ. ಅವಳಿಗೆ ಗಂಡನನ್ನು ಎಬ್ಬಿಸಿ ಜಗಳವಾಡಬೇಕೆನಿಸಿತು. ಅಷ್ಟರಲ್ಲಿ ಮುಖ ಮುಚ್ಚಲು ಮೈದುನ ಬಟ್ಟೆ ಎತ್ತಿದ.

"ಸ್ವಲ್ಪ ತಡಿ," ಎಂದಳು.

ಮಗಳಿಗೆ ಬಂದಿದ್ದದ್ದು ಅಪ್ಪನದೇ ಮೂಗು. ಅಗಲ ತುದಿ, ಒಂದು ಹೊಳ್ಳೆ ತುಸು ಮೇಲಕ್ಕೆ. ಅದರ ಅಂಚಿನಲ್ಲಿ ಉಳಿದಿದ್ದ ಪೌಡರನ್ನು ಬೆರಳಿನಿಂದ ತೆಗೆದಳು. ಬೆರಳನ್ನು ಅಲ್ಲೇ ಇಟ್ಟುಕೊಂಡಳು.

"ಹೊತ್ತಾಯ್ತು ಅತ್ತಿಗೆ."

ಬಿಳಿ ಬಟ್ಟೆ ಮುಖದ ಮೇಲೆ ಬಿತ್ತು. ಮೂಗಿನ ಜಾಗದಲ್ಲಿ ಅದು ಅಷ್ಟಾಗಿ ಉಬ್ಬಲೇ ಇಲ್ಲ.