ಗಂಟಲಪುಡಿಯ ಡಬ್ಬಿಗಳು

ನಮ್ಮ ಅಡುಗೆಮನೆಯ ಗೋಡೆಹಲಗೆಯ ಮೇಲೆ ಒಂದು ದುಂಡು ಗುರುತಿದೆ. ಸುತ್ತಲಿನ ಮರವೆಲ್ಲ ಒಲೆಯ ಹೊಗೆಗೆ ಕಪ್ಪಾಗಿದ್ದರೂ ಆ ದುಂಡಿನೊಳಗೆ ಮಾತ್ರ ಮರದ ಮೊದಲಿನ ಬಣ್ಣ ಉಳಿದುಕೊಂಡಿದೆ. ಅಲ್ಲಿ ಹಿತ್ತಾಳೆಯ ಭರಣಿಯೊಂದಿತ್ತು. ಅದರ ತುಂಬ ಕಲ್ಲುಸಕ್ಕರೆ ಇರುತ್ತಿತ್ತು.

ಅಪ್ಪ ಕಾವ್ಯವಾಚನ ಮಾಡುತ್ತಿದ್ದರು. ದೇವರಿಗೆ ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ಗ್ರಂಥವಿಡುವ ವ್ಯಾಸಪೀಠವನ್ನು ಬಿಡಿಸಿಡುವುದು ನನ್ನ ಕೆಲಸ. ಒಂದಕ್ಕೊಂದು ಹೆಣೆದುಕೊಂಡ ಅದರ ಎರಡು ಗಂಧದ ಹಲಗೆಗಳು ತೆರೆದಾಗ ಯಾರೋ ಬೊಗಸೆ ಹಿಡಿದಂತೆ ಕಾಣುತ್ತಿತ್ತು. ಬೀದಿಯವರು ಬಂದು ಗೋಡೆಗೊರಗಿ ಕೂರುತ್ತಿದ್ದರು. ಹಾಗೆ ರಾಗವಾಗಿ ಕಾವ್ಯ ಓದಲು ನನಗೆ ಯಾರೂ ಕಲಿಸಲಿಲ್ಲ, ನಾನೂ ಕೇಳಲಿಲ್ಲ. ಕಂಬದ ಪಕ್ಕ ಕೂತು ಆಲಿಸುವುದಷ್ಟೇ ನನಗೆ ಬರುತ್ತಿತ್ತು. ಅದಕ್ಕೂ ಅಪ್ಪನ ಪಾಠವಿತ್ತು. "ಓದೋನು ಉಸಿರು ತಗೊಳ್ಳೋವಾಗ ಕೇಳೋರು ಅಲ್ಲಾಡಬಾರದಮ್ಮ. ಮುಗೀತು ಅಂತ ಎದ್ದುಬಿಡಬಾರದು" ಎನ್ನುತ್ತಿದ್ದರು. ಮಂಗಳವಾದ ಮೇಲೆ ನಾನು ಭರಣಿ ಇಳಿಸಿ ಒಬ್ಬೊಬ್ಬರ ಅಂಗೈಗೂ ಕಲ್ಲುಸಕ್ಕರೆಯ ಹರಳು ಹಾಕುತ್ತಿದ್ದೆ. ಬಾಯಲ್ಲಿ ಅದನ್ನು ಹೊರಳಿಸುತ್ತ ಅವರು ಕತ್ತಲಲ್ಲಿ ಮನೆಗೆ ಹೋಗುವ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಆಗೆಲ್ಲ ನಮ್ಮ ಬೀದಿಯಲ್ಲಿ ಪಾತ್ರೆಗಳು ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಒಬ್ಬರ ಮನೆಯಿಂದ ಹುಳಿಯೋ ಪಾಯಸವೋ ಬಂದರೆ ಆ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವಂತಿರಲಿಲ್ಲ. ಏನೂ ಇಲ್ಲದಿದ್ದರೆ ತಳಕ್ಕೆ ಒಂದು ಚಿಟಿಕೆ ಸಕ್ಕರೆಯಾದರೂ ಬೀಳಬೇಕು. "ಏನೂ ಹಾಕ್ಬೇಡ ಕಣೆ, ಪಾತ್ರೆ ಕೊಟ್ರೆ ಸಾಕು" ಎಂದು ಕೊಡುವವರು ಹೇಳುವುದು ವಾಡಿಕೆ. ಆ ಮಾತನ್ನು ಯಾರೂ ನಿಜವೆಂದು ತೆಗೆದುಕೊಳ್ಳದಿರುವುದೂ ವಾಡಿಕೆಯೇ. ಸೂತಕದ ಮನೆಯದೊಂದು ಮಾತ್ರ ಬೇರೆ. ಅಲ್ಲಿಂದ ಪಾತ್ರೆ ಬರಿದಾಗಿಯೇ ಹೊರಡಬೇಕು. ಅಪ್ಪ ಹೋದಾಗ ಊಟ ಹೊತ್ತು ಬಂದ ಪಾತ್ರೆಗಳನ್ನೆಲ್ಲ ಹಾಗೆಯೇ ತೊಳೆದು, ಬೋರಲು ಹಾಕಿ ಒಣಗಿಸಿ, ಮನೆಮನೆಗೆ ಕೊಟ್ಟು ಬಂದೆ. ಆಮೇಲೆ ಯಾರ ಪಾತ್ರೆಯೂ ಬರಲಿಲ್ಲ. ಯಾರಿಗೂ ನನ್ನ ಮೇಲೆ ಮುನಿಸಿರಲಿಲ್ಲ. ಹಿಂತಿರುಗಬೇಕಾದದ್ದು ಯಾರ ಬಳಿಯೂ ಉಳಿದಿರಲಿಲ್ಲ.

ಒಂದು ದಿನ ದೇವಸ್ಥಾನದಲ್ಲಿ ಅರ್ಚಕರು ತಟ್ಟೆ ಹಿಡಿದು "ಗೋತ್ರ?" ಎಂದು ಕೇಳಿದರು. ನಾನು ಬಾಯಿ ತೆರೆದೆ, ದನಿ ಬರಲಿಲ್ಲ. ಅವರು ಮತ್ತೊಮ್ಮೆ ಕೇಳಿ, ಕಾದು, ಪಕ್ಕದವರ ತಟ್ಟೆ ತೆಗೆದುಕೊಂಡರು. ಎಷ್ಟು ದಿನದಿಂದ ನಾನು ಯಾರೊಡನೆಯೂ ಮಾತಾಡಿರಲಿಲ್ಲವೆಂಬುದು ಅಲ್ಲಿ ನಿಂತಾಗಲೇ ನನಗೆ ಹೊಳೆದದ್ದು.

ಅದೇ ವಾರ ಬೇಳೆ ಕಟ್ಟಿಕೊಟ್ಟಿದ್ದ ಪತ್ರಿಕೆಯ ಹಾಳೆಯಲ್ಲಿ ಒಂದು ಜಾಹೀರಾತು ಕಂಡಿತು. ಯಾವುದೋ ದೊಡ್ಡ ಊರಿನ ಕಂಪನಿಯ ಗಂಟಲಪುಡಿ. ಹಾಡುವವರಿಗೆ, ಓದುವವರಿಗೆ, ದನಿ ಕಟ್ಟಿದವರಿಗೆ. ಮೊದಲ ಡಬ್ಬಿ ಉಚಿತ. ಒಪ್ಪದಿದ್ದರೆ ಖಾಲಿ ಡಬ್ಬಿ ಹಿಂತಿರುಗಿಸಿದರೆ ಸಾಕು. ಕೊನೆಯ ಆ ಮಾತು ನನಗೆ ನಮ್ಮ ಬೀದಿಯವರೇ ಆಡಿದಂತೆ ಕೇಳಿಸಿತು. ವಿಳಾಸ ಬರೆದು ಹಾಕಿದೆ.

ಡಬ್ಬಿ ಬಂತು. ಕೆಂಪು ತಗಡು, ಮುಚ್ಚಳದ ಮೇಲೆ ಕೋಗಿಲೆಯ ಚಿತ್ರ. ಪುಡಿ ಬೇವಿಗಿಂತ ಕಹಿ. ಗಂಟಲಿಗೆ ಏನೂ ಆಗಲಿಲ್ಲ. ಉಳಿದದ್ದನ್ನು ತುಳಸಿಕಟ್ಟೆಯ ಆಚೆ ಸುರಿದು, ಡಬ್ಬಿ ತೊಳೆದು ಬಿಸಿಲಿಗಿಟ್ಟೆ. ಅಪ್ಪನ ಸೂತಕ ಕಳೆದ ಮೇಲೆ ಹೊರಗಿನಿಂದ ಮನೆಗೆ ಬಂದ ಮೊದಲ ಪಾತ್ರೆ ಅದು. ಬರಿದಾಗಿ ಹೇಗೆ ಕಳಿಸಲಿ? ಭರಣಿಯಿಂದ ಕಲ್ಲುಸಕ್ಕರೆ ತುಂಬಿ, ಡಬ್ಬಿಯ ಸುತ್ತ ಬಟ್ಟೆ ಹೊಲಿದು, ಅಂಚೆಗೆ ಕೊಟ್ಟೆ.

ಮುಂದಿನ ತಿಂಗಳು ಇನ್ನೊಂದು ಡಬ್ಬಿ ಬಂತು, ಜೊತೆಗೆ ಬಿಲ್ಲು. ಏನೋ ತಪ್ಪಾಗಿದೆ ಎಂದುಕೊಂಡು, ಬೇಡವೆಂದು ಒಂದು ಕಾರ್ಡು ಬರೆದು, ಈ ಸಲ ಒಗ್ಗರಣೆ ಅವಲಕ್ಕಿ ತುಂಬಿ ಕಳಿಸಿದೆ. ಮತ್ತೆ ಬಂತು. ಚಟ್ನಿಪುಡಿ ಕಳಿಸಿದೆ. ಕೋಡುಬಳೆ ಮುರಿದು ತುಂಬಿದೆ.

ಪಕ್ಕದ ಮನೆಯ ಪದ್ದಕ್ಕ ನಮ್ಮ ಜಗುಲಿಗೆ ಬರುತ್ತಿದ್ದುದು ಅಂಚೆಯವನು ಬಂದು ಹೋದ ಮೇಲೆ ಮಾತ್ರ. "ಏನೇ, ಕಂಪನಿಗೆ ಬಾಗಿನ ಕಳಿಸ್ತಿದೀಯಾ?" ಎಂದು ಸೆರಗಿಗೆ ಬಾಯಿ ಒತ್ತಿ ನಗುತ್ತಿದ್ದಳು. "ಬೀಗರೂ ಇಷ್ಟು ಮುತುವರ್ಜಿಯಿಂದ ಕಳಿಸಲ್ಲ ಕಣೆ. ಅವರು ಬಿಲ್ಲು ಕಳಿಸ್ತಾರೆ, ನೀನು ಕೋಡುಬಳೆ ಕಳಿಸ್ತೀಯ!"

"ಬರೀ ಡಬ್ಬಿ ಕಳ್ಸೋಕಾಗುತ್ತಾ, ಪದ್ದಕ್ಕ?"

"ಅದೂ ಸರಿಯೇ ಅನ್ನು" ಎಂದು ಅವಳೂ ಒಪ್ಪಿಕೊಂಡಳು.

ಬಿಲ್ಲುಗಳ ಮಾತು ಬರಬರುತ್ತ ಬಿರುಸಾಯಿತು. ಹಿಂದಿನ ಬಾಕಿಯೆಲ್ಲ ಮುಂದಿನದಕ್ಕೆ ಸೇರುತ್ತ ಬಂತು. ಕೊನೆಗೆ ಬಂದ ನೋಟೀಸಿನಲ್ಲಿ, ಹಣ ಸಲ್ಲಿಸದಿದ್ದರೆ ತಮ್ಮ ಜನ ಬಂದು ಅಷ್ಟು ಬೆಲೆಯ ಮನೆಸಾಮಾನು ಒಯ್ಯುವರೆಂದು ಬರೆದಿತ್ತು. ಪದ್ದಕ್ಕ ಅದನ್ನು ಓದಿ ಈ ಸಲ ನಗಲಿಲ್ಲ.

"ನಿನ್ನ ಮನೇಲಿ ಒಯ್ಯೋಕೆ ಬೆಲೆಬಾಳೋದು ಇನ್ನೇನಿದೆ? ನಿಮ್ಮಪ್ಪನ ವ್ಯಾಸಪೀಠ ಒಂದೇ. ಗಂಧದ್ದು ಬೇರೆ. ಸುಮ್ನೆ ನಮ್ಮ ಅಟ್ಟದ ಮೇಲಿಟ್ಟುಬಿಡು."

ಆ ದಿನ ಪೀಠವನ್ನು ಮಡಿಸಿ ಪಂಚೆಯಲ್ಲಿ ಸುತ್ತಿದೆ. ಸಂಜೆ ದೀಪ ಹಚ್ಚಿದಾಗ ಅದಿಲ್ಲದ ನಡುಮನೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯಲಿಲ್ಲ. ಮತ್ತೆ ಬಿಚ್ಚಿ, ಬಿಡಿಸಿ, ಅದರ ಜಾಗದಲ್ಲೇ ಇಟ್ಟೆ.

ಅವರ ಜನ ಬಂದದ್ದು ಒಂದು ಮಧ್ಯಾಹ್ನ. ಜನವೆಂದರೆ ಒಬ್ಬನೇ, ಬಡಕಲು ಮನುಷ್ಯ. ಹೆಗಲಿಗೆ ಕ್ಯಾನ್ವಾಸಿನ ಚೀಲ. ಜಗುಲಿಯ ಕೆಳಗೇ ಚಪ್ಪಲಿ ಬಿಟ್ಟು ಕೈಮುಗಿದ.

"ನಾನು ದೇವೀರಪ್ಪ ಅಂತ, ಅಮ್ಮಾ. ಗಂಟಲಪುಡಿ ಕಂಪನಿಯೋನು. ವಾಪಸ್ಸು ಬರೋ ಡಬ್ಬಿ ಬಿಚ್ಚಿ ನೋಡೋದು ನನ್ನ ಕೆಲಸ."

ನಾನು ವ್ಯಾಸಪೀಠಕ್ಕೆ ಅಡ್ಡವಾಗಿ ನಿಂತೆ. ಅವನ ಕಣ್ಣು ಅದರ ಮೇಲೆ ಬಿದ್ದು ಹಿಂತಿರುಗಿತು.

"ಹೆದರಬೇಡಿ, ನಾನು ಒಯ್ಯೋಕೆ ಬಂದಿಲ್ಲ. ಅವರು ಬರೋದು ನಾಳಿದ್ದು. ನಾನು ಬಂದಿದ್ದು ಕಂಪನಿಗೆ ಗೊತ್ತೂ ಇಲ್ಲ. ಡಬ್ಬಿ ಖಾಲಿ ಬಂದ್ರೆ ಗಿರಾಕಿ ಹೆಸರು ಪಟ್ಟಿಯಿಂದ ಹೊಡೆದುಹಾಕ್ತೀವಿ. ಒಳಗೆ ಏನಾದ್ರೂ ಇದ್ರೆ, ಗಿರಾಕಿಗೆ ಇನ್ನೂ ಬೇಕು ಅಂತ ಲೆಕ್ಕ. ಕಾರ್ಡು ಗೀರ್ಡು ಯಾರೂ ಓದಲ್ಲ. ನಿಮ್ಮ ಡಬ್ಬಿ ಒಂದು ಸಲಾನೂ ಖಾಲಿ ಬರಲಿಲ್ಲವಲ್ಲ ತಾಯಿ."

"ಅದು ಪುಡಿಯಲ್ಲ ಅಂತ ನಿಮಗೆ ತಿಳೀಲಿಲ್ವಾ?"

"ತಿಳೀದೆ ಏನು. ತಿಂದೋನೇ ನಾನು." ಅವನು ತನ್ನ ಕೈಗಳನ್ನು ನೋಡಿಕೊಂಡ. "ಮೊದಲನೇ ಸಲಾನೇ ಹೆಸರು ಹೊಡೆದುಬಿಡಬಹುದಿತ್ತು. ಹೊಡೀಲಿಲ್ಲ. ಬೆಳಗಿಂದ ಸಂಜೆವರೆಗೆ ಬರೀ ಖಾಲಿ ಡಬ್ಬಿ ತೆಗೆಯೋದು, ಅಲ್ಲಾಡಿಸೋದು, ಮೂಲೆಗೆ ಎಸೆಯೋದು. ಕೋಣೇಲಿ ಇನ್ನೊಂದು ನರಪಿಳ್ಳೆ ಇಲ್ಲ. ಅಂಥಾದ್ರಲ್ಲಿ ಒಂದು ದಿನ ಡಬ್ಬಿ ಭಾರವಾಗಿತ್ತು. ಆಮೇಲೆ ತಿಂಗಳು ತಿಂಗಳೂ ಕಾಯ್ತಾ ಕೂತೆ. ಮಾತು ಇಲ್ಲೀವರೆಗೆ ಬರುತ್ತೆ ಅಂತ ಅನ್ಕೊಂಡಿರಲಿಲ್ಲ."

ನನಗೆ ಸಿಟ್ಟು ಬರಬೇಕಾಗಿತ್ತು. ಆದರೆ ಬಾಯಿಂದ ಹೊರಟ ಮಾತೇ ಬೇರೆ. "ಅವಲಕ್ಕಿ ಮೆತ್ತಗಾಗಿತ್ತಾ?"

"ಇಲ್ಲಮ್ಮ, ಗರಿಗರಿ ಇತ್ತು. ಇಂಗು ಮಾತ್ರ ಒಂಚೂರು ಮುಂದಾಗಿತ್ತು."

ನಾನು ನಕ್ಕೆ. ಒಡಕು ದನಿಯ ಆ ನಗು ನನ್ನದೇ ಎಂದು ತಿಳಿಯಲು ತುಸು ಹೊತ್ತು ಬೇಕಾಯಿತು.

"ಈಗ ಒಂದು ಖಾಲಿ ಡಬ್ಬಿ ಕೊಡಿ" ಎಂದ ದೇವೀರಪ್ಪ. "ಮೊದಲನೇದೇ ಖಾಲಿ ಬಂದಿತ್ತು, ನನ್ನ ಕಣ್ತಪ್ಪಿತ್ತು ಅಂತ ಬರೆಸ್ತೀನಿ. ಬೈತಾರೆ, ಬೈಸ್ಕೋತೀನಿ. ಬಿಲ್ಲೂ ಇಲ್ಲ, ಯಾರೂ ಬರೋದೂ ಇಲ್ಲ."

ಆ ತಿಂಗಳ ಡಬ್ಬಿ ಒಳಗಿತ್ತು. ಪುಡಿ ಸುರಿದು, ತೊಳೆದು, ಸೆರಗಿನಿಂದ ಒರೆಸಿದೆ. ಹೊಸ್ತಿಲವರೆಗೆ ತಂದವಳಿಗೆ ಅದನ್ನು ನೀಡಲು ಕೈ ಮುಂದೆ ಬರಲಿಲ್ಲ. ಅಪ್ಪ ಹೋದ ಮೇಲೆ ಬೋರಲು ಹಾಕಿದ ಪಾತ್ರೆಗಳ ಸಾಲು ಕಣ್ಣ ಮುಂದೆ ಬಂತು.

"ಬರಿದು ಕೊಟ್ಟರೆ ಅಲ್ಲಿಗೆ ಮುಗಿದ ಹಾಗೆ" ಎಂದೆ.

"ಮುಗೀಲೇಬೇಕಲ್ಲಮ್ಮ. ಕಂಪನಿ ಅದು, ಮನೆಯಲ್ಲ." ಅವನು ಮತ್ತೊಮ್ಮೆ ವ್ಯಾಸಪೀಠದ ಕಡೆ ನೋಡಿದ. "ಅದು ಉಳೀಲಿ."

ಕೊಟ್ಟೆ. ಚೀಲದೊಳಗೆ ಬಿದ್ದ ತಗಡು ಟಣ್ಣೆಂದಿತು. ಅವನು ಮೆಟ್ಟಿಲಿಳಿದು ಚಪ್ಪಲಿಗೆ ಕಾಲು ತೂರಿಸಿದ. ಇನ್ನೇನು ಬೀದಿಗೆ ಹೊರಳಬೇಕು.

"ನಿಲ್ಲಿ!"

ಆ ದನಿ ಬೀದಿಯುದ್ದಕ್ಕೂ ಕೇಳಿಸಿರಬೇಕು. ಪದ್ದಕ್ಕ ಬಾಗಿಲಿಗೆ ಬಂದಳು. ನಾನು ಒಳಗೆ ಓಡಿ, ಹಲಗೆಯ ಮೇಲಿನ ಹಿತ್ತಾಳೆಯ ಭರಣಿಯನ್ನು ಕಲ್ಲುಸಕ್ಕರೆ ಸಮೇತ ಎರಡೂ ಕೈಯಲ್ಲಿ ಇಳಿಸಿ ತಂದೆ.

"ಇದು ಕಂಪನಿಗಲ್ಲ."

"ಅಯ್ಯೋ, ಹಿತ್ತಾಳೇದು! ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಡಿ, ಸಾಕು."

"ಕಾಗದ ವಾಪಸ್ಸು ಬರೋದಿಲ್ಲ."

ದೇವೀರಪ್ಪ ನನ್ನ ಮುಖವನ್ನೇ ನೋಡಿದ. ಆಮೇಲೆ ಚೀಲವನ್ನು ಬೆನ್ನಿಗೆ ಸರಿಸಿ, ಎರಡೂ ಕೈ ಚಾಚಿ ತೆಗೆದುಕೊಂಡ.

"ಏನೂ ಹಾಕ್ಬೇಡಿ" ಎಂದೆ. "ಭರಣಿ ಕೊಟ್ರೆ ಸಾಕು."

ಅವನು ನಕ್ಕ. ಆ ಮಾತನ್ನು ಹೇಗೆ ತೆಗೆದುಕೊಳ್ಳಬೇಕೆಂದು ಅವನಿಗೂ ಗೊತ್ತಿತ್ತು.

ಡಬ್ಬಿಗಳು ನಿಂತವು, ಬಿಲ್ಲುಗಳೂ ನಿಂತವು. ಯಾರೂ ಏನನ್ನೂ ಒಯ್ಯಲು ಬರಲಿಲ್ಲ. ಅಂಚೆಯವನು ನಮ್ಮ ಬಾಗಿಲು ದಾಟಿ ಹೋಗುತ್ತಾನೆ. "ಪೀಠ ಉಳಿಸ್ಕೊಂಡು ಭರಣಿ ಕಳ್ಕೊಂಡೆಯಲ್ಲೇ" ಎಂದು ಪದ್ದಕ್ಕ ಮೊದಮೊದಲು ಹೇಳುತ್ತಿದ್ದಳು. ಈಗ ಅದನ್ನೂ ಬಿಟ್ಟಿದ್ದಾಳೆ. ದೇವೀರಪ್ಪನ ಊರು ದೂರ. ಅಷ್ಟು ದೊಡ್ಡ ಭರಣಿಗೆ ತುಂಬುವಷ್ಟು ಏನನ್ನಾದರೂ ಅವನು ಹೊಂದಿಸಿಕೊಳ್ಳಬೇಕಲ್ಲ.

ಸಂಜೆ ದೀಪ ಹಚ್ಚಿ, ವ್ಯಾಸಪೀಠ ಬಿಡಿಸಿಟ್ಟು, ಕಂಬದ ಪಕ್ಕದ ನನ್ನ ಜಾಗದಲ್ಲಿ ಅಲ್ಲಾಡದೆ ಕೂರುತ್ತೇನೆ. ಅಲ್ಲಿಂದ ಅಡುಗೆಮನೆಯ ಹಲಗೆ ಕಾಣುತ್ತದೆ. ಬೇಳೆಕಾಳಿನ ಡಬ್ಬಗಳೆಲ್ಲ ಜಾಗ ಸಾಲದೆ ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ನಡುವಿನ ಆ ದುಂಡಿನೊಳಗೆ ಹೊಗೆ ಕೂರದಂತೆ ದಿನವೂ ಒರೆಸಿಡುತ್ತೇನೆ.